ಡಬ್ಬಿ ಅಂದರೆ

“ಬ್ಯಾಡಗ್ಯಾಗ ಹುಟ್ಟಿದವ, ಡಬ್ಬಿ ತಾ ಅಂದ್ರ ಸ್ಟೀಲ್ ಡಬ್ಬಿ ತಂದಾನ ನೋಡ್ರಿ! ಮಿಲಿಟ್ರ್ಯಾಗ ಇವನ ತಲಿ ಹೊರಗಷ್ಟ ಅಲ್ಲ, ಒಳಗೂ ಬೋಳಿಸ್ಯಾರ!”

ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಉಚ್ಚಂಗೆವ್ವ ತನ್ನ ಅಣ್ಣನ ಮಗ ತಂದ ಡಬ್ಬಿ ಎತ್ತಿ ತೋರಿಸಿದಳು. ರಾಣೇಬೆನ್ನೂರು ಬಸ್ಸಿಗೆ ಕಾದವರೆಲ್ಲ ನಕ್ಕರು. ಪಕ್ಕದಲ್ಲಿ ನಿಂತ ಅವನ ಬಾಲ್ಯದ ಗೆಳೆಯ ಜಾವೇದನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಈ ಊರಿನಲ್ಲಿ ಡಬ್ಬಿ ಎಂದರೆ ಸುಕ್ಕುಗಟ್ಟಿದ ಕೆಂಪು ಮೆಣಸಿನಕಾಯಿ, ಅದು ಕೂಸಿಗೂ ಗೊತ್ತು. ಅಂದಮಾತ್ರಕ್ಕೆ ರಜೆಗೆ ಬಂದ ಸಿಪಾಯಿಯ ಮಾನ ಹೀಗೆ ಮಂದಿಯೆದುರು ತೆಗೆಯುವುದೇ?

“ಮೆಣಸಿನಕಾಯಿ ಅನ್ನೋದು ಹೊಳೀಲೇ ಇಲ್ಲ, ಅತ್ತಿ,” ಎಂದ ಸಿಪಾಯಿ.

“ಮತ್ತೇನ್ ಹೊಳೀತೈತೋ ಮೈಲೇಶ ನಿನಗ?”

“ಅಲ್ಲಿ ನಮ್ಮ ಕಣ್ಣಿಗೆ ವಿ.ಆರ್. ಕನ್ನಡಕ ಕಟ್ಟತಾರ. ಅದರಾಗ ಕಂಪ್ಯೂಟರ್‌ನ್ಯಾಗ ಮಾಡಿದ ಒಂದು ಮನಿ ಕಾಣತೈತಿ. ಗುಂಡಿನ ಸಪ್ಪಳದಾಗ ಯಾವ ಖೋಲ್ಯಾಗ ಯಾವ ಬಣ್ಣದ ಡಬ್ಬಿ ಇತ್ತು ಅಂತ ನೆನಪಿಟ್ಟು ಹೇಳಬೇಕು. ಅದ ಟ್ರೇನಿಂಗು. ನಾನ ಫಸ್ಟು.”

“ಆ ಮನ್ಯಾಗ ಯಾರ್ಯಾರು ಇರತಾರ?”

“ಯಾರೂ ಇಲ್ಲ. ಡಬ್ಬಿ ಅಷ್ಟ.”

ಉಚ್ಚಂಗೆವ್ವನ ದನಿ ತಗ್ಗಿತು.

“ರೋಹಿಣಿ ಮೂರು ವರ್ಷದಿಂದ ನಿನ್ನ ಹಾದಿ ಕಾಯಾಕತ್ತಾಳ. ಈಗ ಹೆಣ್ಣ ಕೇಳಾಕ ಅವರ ಮನಿಗೇ ಹೊಂಟೇವಿ. ಫೋಟೋ ತೋರಿಸಿದ್ರ ನೀ ಸುಮ್ಮನ ನೋಡಿದಿ.”

“ಚಲೋ ಅದಾಳ ಅಂದ್ನಲ್ಲ.”

“ಚಲೋ ಅನ್ನೋದು ಹೊರಗಿನವರು. ಖರೇ ಹೇಳಪಾ, ಆಕಿ ಮುಖ ನಿನಗ ನೆನಪೈತೇನು?”

ಬಸ್ಸು ಬಂದು ನಿಂತಿತು. ಮೈಲೇಶ ಅತ್ತೆಯ ಚೀಲವನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟ. ಆಮೇಲೆ “ಡಬ್ಬಿ ಅಷ್ಟ ನೆನಪದಾವ, ಅತ್ತಿ,” ಎಂದವನೇ ಬಸ್ಸು ಹತ್ತದೆ, ಗೇಟಿನ ಕಡೆ ನಡೆದುಬಿಟ್ಟ.