ಮೂರೂವರೆಯ ನಾಡಿ

ಇಂದಿನ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ ನಮ್ಮ ಮುಖ್ಯ ವೈದ್ಯರೂ ಆದ ಡಾಕ್ಟರ್ ಶ್ರೀಪಾದ ಅವರೇ, ಭೀಮಾತೀರ ಧರ್ಮಾಸ್ಪತ್ರೆಯ ಆಡಳಿತ ಮಂಡಳಿಯ ಹಿರಿಯರೇ, ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಎರಡೆರಡು ಬಸ್ಸು ಬದಲಿಸಿ ಬಂದಿರುವ ಆಶಾ ಕಾರ್ಯಕರ್ತೆಯರೇ, ನನ್ನಿಂದ ಬೈಸಿಕೊಂಡೂ ನನಗೇ ಹಾರ ತಂದಿರುವ ಸಿಸ್ಟರುಗಳೇ, ಮೂರನೆಯ ಸಾಲಿನಲ್ಲಿ ಮೊಮ್ಮಗಳ ಜೊತೆ ಕುಳಿತಿರುವ ಖಾಸೀಂಬಿಯವರೇ, ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಸ್ವಲ್ಪ ಹೆಚ್ಚು ಹಿಡಿಯಬಹುದು. ಅಡುಗೆ ಮನೆಯಲ್ಲಿ ಹೋಳಿಗೆ ಇದೆ ಎಂದು ನಿಮ್ಮ ಮುಖಗಳೇ ಹೇಳುತ್ತಿವೆ. ಹೋಳಿಗೆ ಆರಿದರೂ ಕೆಡುವುದಿಲ್ಲ, ಕುಳಿತುಕೊಳ್ಳಿ.

ನನಗಿಂತ ಮೊದಲು ಮಾತಾಡಿದವರು ಉಮಾಬಾಯಿ ಶಾಂತ ಸ್ವಭಾವದವರು ಎಂದರು. ಆಗ ಸಿಸ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದನ್ನು ನಾನು ಗಮನಿಸಿದೆ. ಮೂವತ್ತೊಂದು ವರ್ಷದಲ್ಲಿ ನಾನು ಬೈಯದೆ ಬಿಟ್ಟದ್ದು ಗೋಡೆಯ ಗಡಿಯಾರವನ್ನು ಮಾತ್ರ. ಅದೂ ಕೆಲವು ಸಲ ನಿಂತಿರುತ್ತಿತ್ತು.

ಎಂಟು ವರ್ಷದ ಹಿಂದೆ ಮಂಡಳಿಯವರು ನನಗೊಂದು ಹೊಸ ಕೆಲಸ ಕೊಟ್ಟರು. ಈ ಆಸ್ಪತ್ರೆಯಲ್ಲಿ ಯಾರೇ ತೀರಿಕೊಳ್ಳಲಿ, ಏಳು ದಿನದೊಳಗೆ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸುವುದು, ಆ ಮನೆಯವರನ್ನೂ ಕರೆಯುವುದು, ಬಾಗಿಲಿಗೆ ಬಂದ ಗಳಿಗೆಯಿಂದ ಕೊನೆಯ ಉಸಿರಿನ ತನಕ ಏನೇನಾಯಿತು ಎಂದು ಕೇಳುವುದು, ಮುಂದಿನವರು ಉಳಿಯಲು ಏನು ಬದಲಿಸಬೇಕೆಂದು ಬರೆಯುವುದು. ಮಂದಿ ನನಗೆ 'ಸಾವಿನ ಬಾಯಿ' ಎಂದು ಹೆಸರಿಟ್ಟರು. ನಾನು ವಾರ್ಡಿಗೆ ಕಾಲಿಟ್ಟರೆ ಕೆಲವರು ದೇವರ ಹೆಸರು ಹೇಳುತ್ತಿದ್ದರು. ಅರವತ್ತನಾಲ್ಕು ಸಾವುಗಳನ್ನು ಹೀಗೆ ಕೂತು ಓದಿದ್ದೇನೆ. ಆಕ್ಸಿಜನ್ ಕೋಣೆಯ ಬೀಗದ ಕೈ ಇವತ್ತು ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತದಲ್ಲ, ಅದು ಆಳಂದದ ಒಬ್ಬ ಮುದುಕರು ಕಲಿಸಿ ಹೋದದ್ದು. ಅವರು ಉಸಿರಿಗೆ ಒದ್ದಾಡುವಾಗ ಆ ಕೈ ಊಟಕ್ಕೆ ಹೋದವರ ಕಿಸೆಯಲ್ಲಿತ್ತು.

ಆ ಮೇಜಿಗೆ ಒಂದು ನಿಯಮ ಮಾಡಿದ್ದೆ. ಯಾರು ತಪ್ಪಿದರು ಎಂದು ಕೇಳಬಾರದು, ಏನು ತಪ್ಪಿತು ಎಂದು ಕೇಳಬೇಕು. ಹೆದರಿದವರು ನಿಜ ಹೇಳುವುದಿಲ್ಲ ಎಂಬುದು ಅದರ ಅರ್ಥ. ಒಳ್ಳೆಯ ನಿಯಮ ಎಂದು ಎಲ್ಲರೂ ಹೊಗಳಿದರು. ಒಳ್ಳೆಯದೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ನಿಯಮ ಎಲ್ಲರಿಗಿಂತ ಹೆಚ್ಚು ಯಾರಿಗೆ ಬೇಕಾಗಿತ್ತು? ಅದನ್ನು ಹೇಳಲಿಕ್ಕೇ ನಿಂತಿದ್ದೇನೆ.

ನಾನು ಗಾಣಗಾಪುರದವಳು. ನಮ್ಮಪ್ಪ ಅಲ್ಲಿ ಒಂದು ಲಾಡ್ಜ್ ನೋಡಿಕೊಳ್ಳುತ್ತಿದ್ದರು. ಯಾತ್ರಿಕರು ಸಾಲು ಸಾಲಾಗಿ ಬರುತ್ತಿದ್ದರು. ಅವರ ಹೆಸರು ಬರೆಯುವುದರಲ್ಲೇ ಅಪ್ಪನಿಗೆ ಸಾಕಾಗುತ್ತಿತ್ತು. ತಪಾಸಣೆಗೆ ಬಂದವರಿಗೆ ರಿಜಿಸ್ಟರಿನಲ್ಲಿ ಖಾಲಿ ಕಾಲಂ ಕಾಣಬಾರದು. ಹಾಗಾಗಿ ಸಂಜೆ ನನ್ನನ್ನು ಕೂರಿಸಿ ಉಳಿದದ್ದನ್ನು ತುಂಬಿಸುತ್ತಿದ್ದರು. ಎಲ್ಲಿಂದ ಬಂದರು? ಸೋಲಾಪುರ. ಎಲ್ಲಿಗೆ ಹೋಗುವರು? ಸೋಲಾಪುರ. ನನ್ನ ಅಕ್ಷರ ದುಂಡಗಿತ್ತು. ಮೂರು ವರ್ಷ ಆ ಲಾಡ್ಜಿಗೆ ಸೋಲಾಪುರದವರನ್ನು ಬಿಟ್ಟು ಒಂದು ನರಪಿಳ್ಳೆಯೂ ಬರಲಿಲ್ಲ. ನಗಿ, ನಗುವ ಮಾತೇ. ತಪಾಸಣೆಯವರು ಒಮ್ಮೆ ನನ್ನ ಬೆನ್ನು ತಟ್ಟಿ, ಹುಡುಗಿಯ ಕೆಲಸ ಚೊಕ್ಕ ಎಂದಿದ್ದರು.

ಈಗ ಖಾಸೀಂಬಿಯವರ ವಿಷಯಕ್ಕೆ ಬರುತ್ತೇನೆ. ಅರ್ಧ ಗಂಟೆಯ ಹಿಂದೆ ಅವರು ಇದೇ ಮೈಕಿನ ಮುಂದೆ ನಿಂತು ನನಗೆ ಶಾಲು ಹೊದಿಸಿದರು. ಎರಡೇ ಮಾತಾಡಿದರು. ಅವೇ ಎರಡು ಮಾತನ್ನು ಎಂಟು ವರ್ಷದಿಂದ ವಾರಕ್ಕೆ ಎರಡು ದಿನ ನಮ್ಮ ಬಾಣಂತಿ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹೇಳುತ್ತಿದ್ದಾರೆ: "ರಕ್ತದ ಅರಿವಿ ಮುಚ್ಚಿಡಬ್ಯಾಡ್ರೆವ್ವಾ. ನಾ ಮುಚ್ಚಿಟ್ಟು ಮಗಳನ್ನ ಕಳಕೊಂಡೇನಿ."

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಹೆರಿಗೆಯಾದವಳಿಗೆ ಹಳೆಯ ಸೀರೆಯ ಅರಿವೆ ಮಡಚಿ ಇಡುತ್ತೇವೆ. ತೊಯ್ದ ಅರಿವೆಯ ಮೇಲೆ ಯಾರ ಕಣ್ಣೂ ಬೀಳಬಾರದು ಎಂದು ಬಾಣಂತಿಯ ತಾಯಿ ಗಂಟು ಕಟ್ಟಿ ಒಯ್ದು ಹುಗಿಯುತ್ತಾಳೆ. ಹಿಂದೂ ಮನೆಯಲ್ಲೂ ಹಾಗೇ, ಮುಸಲ್ಮಾನರ ಮನೆಯಲ್ಲೂ ಹಾಗೇ. ಹೀಗಾದರೆ ಎಷ್ಟು ರಕ್ತ ಹೋಯಿತೆಂದು ಸಿಸ್ಟರಿಗೆ ತಿಳಿಯುವುದು ಹೇಗೆ? ಖಾಸೀಂಬಿಯವರ ಮಗಳು ಮುಸ್ಕಾನ ತೀರಿಕೊಂಡ ಮೇಲೆ ನಾವು ಮಂಚದ ಕೆಳಗೆ ನೀಲಿ ಬಕೆಟ್ ಇಟ್ಟೆವು. ಅರಿವೆ ಅದರಲ್ಲೇ ಇರಬೇಕು, ಸಿಸ್ಟರ್ ಎಣಿಸಿ, ತೂಗಿ, ಬರೆದ ಮೇಲೆಯೇ ಹೊರಗೆ ಹೋಗಬೇಕು. ಆ ಬಕೆಟಿನಿಂದ ಹನ್ನೊಂದು ಬಾಣಂತಿಯರ ಜೀವ ಉಳಿದಿದೆ. ಅದಕ್ಕೆ ನನಗೆ ಬಂದ ಪ್ರಶಸ್ತಿ ಫಲಕ ಕೆಳಗಿನ ಗೋಡೆಯ ಮೇಲಿದೆ. ಇವೆಲ್ಲ ಖರೆ.

ಖರೆ ಅಲ್ಲದ್ದು ಒಂದಿದೆ.

ಮುಸ್ಕಾನಳನ್ನು ಜೇವರ್ಗಿ ಕಡೆಯ ಇಜೇರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ಚೌಡಾಪುರದ ತವರಿಗೆ ಬಂದಿದ್ದಳು. ಅವತ್ತು ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಹೆಣ್ಣುಮಗು ಹುಟ್ಟಿತು. ಅವತ್ತೇ ಎರಡು ಗಂಟೆಗೆ ನಮ್ಮ ಆಸ್ಪತ್ರೆಗೆ ತಪಾಸಣೆ ತಂಡ ಬರುವುದಿತ್ತು. ವಾರ್ಡಿನ ಸಿಸ್ಟರ್ ಆಗ ನಾನೇ. ಬೆಳಗಿನಿಂದ ನೆಲ ಮೂರು ಸಲ ಒರೆಸಿದ್ದೆವು. ಬಾಣಂತಿಯ ಬಿ.ಪಿ., ನಾಡಿ ಅರ್ಧರ್ಧ ಗಂಟೆಗೆ ನೋಡಿ ಬರೆಯಬೇಕು. ತಂಡದವರು ನಾಲ್ಕು ಗಂಟೆಗೆ, ಹೊರಡುವ ಮುನ್ನ, ಹಾಳೆ ತಿರುವಿದಾಗ ಖಾಲಿ ಕಾಲಂ ಕಂಡರೆ? ಒಂದು ನಲವತ್ತೈದಕ್ಕೆ ಒಂದು ಸಲ ನೋಡಿದೆ. ಮುಂದೆ ನೋಡಬೇಕಾದ ಎರಡು, ಎರಡೂವರೆ, ಮೂರು, ಮೂರೂವರೆ, ನಾಲ್ಕೂ ಕಾಲಂಗಳನ್ನು ನಿಂತಲ್ಲೇ ತುಂಬಿದೆ. ಬಿ.ಪಿ. ನೂರಾ ಹತ್ತು, ಎಪ್ಪತ್ತು. ನಾಡಿ ಎಪ್ಪತ್ತೆಂಟು. ದುಂಡು ಅಕ್ಷರದಲ್ಲಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸಮಯವಾಯಿತು ಎಂದು ಬರೆದಿದೆ. ಸರ್, ಎಂಟು ವರ್ಷ ತಡವಾಗಿದೆ, ಇನ್ನೈದು ನಿಮಿಷ ಕೊಡಿ.

ಎರಡೂಕಾಲು ಗಂಟೆಗೆ ಖಾಸೀಂಬಿ ನನ್ನ ಹತ್ತಿರ ಬಂದರು. ನಾನು ತಂಡದವರಿಗೆ ಔಷಧಿ ಕಪಾಟು ತೋರಿಸುತ್ತಿದ್ದೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು: "ಬಾಯಾರ, ಅರಿವಿ ಭಾಳ ತೊಯ್ಯಾಕತ್ತಾವ್ರಿ. ಆರು ಆದವು."

ಆರು. ನಾನು ತಿರುಗಿಯೂ ನೋಡಲಿಲ್ಲ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಆದರೂ ಆಗ ಅವರನ್ನು 'ನೀ' ಎನ್ನುತ್ತಿದ್ದೆ. "ಬಾಣಂತಿಗೆ ಹೋಗೂದ ಅದ. ಸಾಹೇಬ್ರು ಬಂದಾರ, ಗಂಟು ಕಟ್ಟಿ ಮರೆಗೆ ಮುಚ್ಚಿಡು ನಡಿ," ಎಂದೆ.

ಅವರು ಹಾಗೇ ಮಾಡಿದರು. ಮೂರಕ್ಕೆ ಹತ್ತು ನಿಮಿಷ ಇರುವಾಗ ಮತ್ತೆ ಬಂದರು. ಮುಸ್ಕಾನ ಆಕಳಿಸುತ್ತಿದ್ದಾಳೆ, ನೀರು ನೀರು ಎನ್ನುತ್ತಾಳೆ, ಕೈ ತಣ್ಣಗಾಗಿವೆ ಎಂದರು. ಆಗ ಓಡಿದೆ. ಡಾಕ್ಟರೂ ಓಡಿ ಬಂದರು. ಮೂರು ಹತ್ತಕ್ಕೆ ಎಲ್ಲ ಮುಗಿಯಿತು. ಮುಸ್ಕಾನಳಿಗೆ ಇಪ್ಪತ್ತೊಂದು ವರ್ಷ.

ನನ್ನ ಹಾಳೆಯಲ್ಲಿ ಮೂರೂವರೆಗೂ ಅವಳ ನಾಡಿ ಎಪ್ಪತ್ತೆಂಟು ಬಡಿಯುತ್ತಿತ್ತು.

ಆ ಕಾಲಮನ್ನೂ ಮೂರು ಗಂಟೆಯ ಕಾಲಮನ್ನೂ ಬ್ಲೇಡಿನಿಂದ ಕೆರೆದು ತೆಗೆದೆ. ಉಳಿದ ಎರಡನ್ನು ಹಾಗೇ ಬಿಟ್ಟೆ. ಏಳನೆಯ ದಿನ ನಾವು ಮೇಜಿನ ಸುತ್ತ ಕುಳಿತೆವು. ಅದು ನಾನು ನಡೆಸಿದ ಮೊದಲನೆಯ ಪರಿಶೀಲನೆ. ಶ್ರೀಪಾದ ಸರ್ ಹಾಳೆ ನೋಡಿ, ಚಾರ್ಟ್ ಚೊಕ್ಕ ಇದೆಯಲ್ಲ, ಹಾಗಾದರೆ ಇಷ್ಟು ರಕ್ತ ಹೋದದ್ದು ಯಾರಿಗೂ ತಿಳಿಯಲಿಲ್ಲವೇ ಎಂದರು. ಖಾಸೀಂಬಿ ಬಾಯಿ ತೆರೆದರು: "ನಾ ಬಾಯಾರಿಗೆ ಹೇಳಿದ್ದೆನ್ರಿ." ಆಗ ನಾನು ಏನು ಕೇಳಿದೆ ಗೊತ್ತೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ ಥಟ್ಟನೆ ಕೇಳಿದೆ: "ಹೇಳಿದಿ ಸರಿ. ಅರಿವಿ ಬಿಚ್ಚಿ ತೋರಿಸಿದೇನು?"

ಅಷ್ಟು ಗಂಡಸರ ನಡುವೆ ಆ ಪ್ರಶ್ನೆ. ಅವರು ತಲೆ ತಗ್ಗಿಸಿ ಹೇಳಿದರು: "ಇಲ್ರಿ. ತೋರಿಸಲಿಲ್ಲ."

ನಾನು ಬರೆದೆ: 'ಸಂಬಂಧಿಕರು ಅಜ್ಞಾನದಿಂದ ಬಟ್ಟೆಗಳನ್ನು ಬಚ್ಚಿಟ್ಟ ಕಾರಣ ರಕ್ತಸ್ರಾವ ಗಮನಕ್ಕೆ ಬರಲಿಲ್ಲ.' ಯಾರ ತಪ್ಪು ಎಂದು ಕೇಳಬಾರದೆಂಬ ನಿಯಮವನ್ನು ಅದೇ ಹಾಳೆಯ ಕೆಳಗೆ ಬರೆದೆ. ಒಂದೇ ಪೆನ್ನು, ಒಂದೇ ಗಳಿಗೆ.

ತಿಂಗಳ ನಂತರ ಖಾಸೀಂಬಿ ತಾವಾಗಿಯೇ ವಾರ್ಡಿಗೆ ಬಂದರು. ನನ್ನ ಹಾಗೆ ಇನ್ನೊಬ್ಬ ತಾಯಿ ಆಗಬಾರದು, ನಾನು ಹೇಳುತ್ತೇನೆ ಎಂದರು. ಬೇಡ ಎನ್ನಲಿಲ್ಲ ನಾನು. ತರಬೇತಿಗೆ ಕರೆದುಕೊಂಡು ಹೋದೆ, ನೂರಾರು ಜನರ ಮುಂದೆ ನಿಲ್ಲಿಸಿದೆ. ಮಗಳನ್ನು ಕೊಂದವಳು ತಾನು ಎಂದು ಅವರು ಹೇಳುವಾಗಲೆಲ್ಲ ಪಕ್ಕದಲ್ಲಿ ನಿಂತು ತಲೆದೂಗಿದೆ. ಇಂಥ ಹೆಂಗಸು ನಾನು. ಈಗ ಹೇಳಿ, ಶಾಂತ ಸ್ವಭಾವದವಳೇ?

ನನ್ನ ನಂತರ ಈ ಕೆಲಸಕ್ಕೆ ಬರುತ್ತಿರುವ ಸಿಸ್ಟರ್ ಮೈತ್ರೇಯಿ ಹೋದ ತಿಂಗಳು ಹಳೆಯ ಕಡತಗಳನ್ನು ಓದುತ್ತಿದ್ದರು. ಆ ಹಾಳೆಯನ್ನು ಕಿಟಕಿಗೆ ಹಿಡಿದು, ಇಲ್ಲಿ ಕಾಗದ ತೆಳ್ಳಗಾಗಿದೆಯಲ್ಲ ಮೇಡಂ ಎಂದು ಕೇಳಿದರು. ಹಳೆಯ ಕಾಗದ ಎಂದೆ. ಅವರು ಸುಮ್ಮನಾದರು. ನಾನು ನಿವೃತ್ತಳಾಗಿ ಹೋದರೆ ಮುಂದೆಯೂ ಸುಮ್ಮನೇ ಇರುತ್ತಾರೆ, ಸುಮ್ಮನಿರುವುದನ್ನೇ ಕಲಿಯುತ್ತಾರೆ ಎಂದು ಅವತ್ತೇ ರಾತ್ರಿ ಕೂತು ನನ್ನ ಹೇಳಿಕೆ ಬರೆದೆ.

ಮೈತ್ರೇಯಿ, ಇಗೋ ಕಡತ. ಒಳಗೆ ನನ್ನ ಹೇಳಿಕೆ ಇದೆ, ಸಹಿ ಇದೆ. ಏಳು ದಿನದೊಳಗೆ ಮೇಜಿನ ಸುತ್ತ ಕೂರಿಸಿ, ನನ್ನನ್ನೂ ಕರೆಯಿರಿ. ಏನು ತಪ್ಪಿತು ಎಂದು ಕೇಳಿ. ಈ ಒಂದು ಸಲ ಯಾರು ಎಂದೂ ಕೇಳಿ. ಮಂಡಳಿಯವರು ಏನು ಕ್ರಮ ಕೈಗೊಂಡರೂ ನಾನು ತಲೆಬಾಗುತ್ತೇನೆ. ಗೋಡೆಯ ಫಲಕ ಇಳಿಸಿ, ಬಕೆಟ್ ಮಾತ್ರ ತೆಗೆಯಬೇಡಿ.

ಈ ಶಾಲನ್ನು ಮಡಚಿ ಇಲ್ಲಿ ಇಡುತ್ತಿದ್ದೇನೆ.

ಖಾಸೀಂಬಿಯವರೇ, ನೀವು ಎದ್ದು ನಿಂತಿದ್ದೀರಿ. ಹೋಗುವುದಾದರೆ ಹೋಗಿ, ತಡೆಯಲು ನಾನು ಯಾರು? ಒಂದೇ ಒಂದು ಮಾತು ಕೇಳಿ ಹೋಗಿ. ಇದನ್ನು ಭಾಷಣದ ಕನ್ನಡದಾಗ ಹೇಳಾಕ ನನ್ನಿಂದ ಆಗೂದಿಲ್ಲ.

ಅಕ್ಕಾ, ನೀವು ಹೇಳಿದ್ರಿ. ಆರು ಅರಿವಿ ಅಂತ ಹೇಳಿದ್ರಿ. ನನಗ ಕೇಳಿಸಿತ್ತು. ಗದ್ದಲದಾಗ ಕೇಳಿಸಲಿಲ್ಲ ಅಂತ ನನಗ ನಾನ ಹೇಳಿಕೊಂಡೇನಿ, ಅದೂ ಸುಳ್ಳು. ಮುಚ್ಚಿಡು ಅಂದಾಕಿ ನಾನು. ನಾಳಿಂದ ವಾರ್ಡಿನ್ಯಾಗ ನಾ ಮುಚ್ಚಿಟ್ಟೆ ಅನಬ್ಯಾಡ್ರಿ. ನಾ ಹೇಳಿದ್ದೆ, ಸಿಸ್ಟರ್ ಬಂದು ನೋಡಲಿಲ್ಲ ಅನ್ರಿ. ಸಿಸ್ಟರ್ ಬಂದು ನೋಡೂತನಕ ಆಕಿ ಕೈ ಬಿಡಬ್ಯಾಡ್ರಿ ಅಂತ ಎಲ್ಲಾ ತಾಯಂದಿರಿಗೂ ಹೇಳ್ರಿ. ನಿಮ್ಮ ಮೊಮ್ಮಗಳು ಅಲ್ಲೇ ಕುಂತಾಳ, ಎಂಟು ವರ್ಷದಾಕಿ. ಆಕಿ ತಾಯಿ ಹೆಂಗ ಹೋದಳು ಅಂತ ಆಕಿಗೂ ಇದನ್ನ ಹೇಳ್ರಿ, ನನ್ನ ಹೆಸರು ಹಿಡಿದು ಹೇಳ್ರಿ.

ಸಭಿಕರೇ, ತಾಳ್ಮೆಯಿಂದ ಕೇಳಿದ್ದಕ್ಕೆ ಅಧ್ಯಕ್ಷರಿಗೂ ನಿಮ್ಮೆಲ್ಲರಿಗೂ ಧನ್ಯವಾದ ಸಲ್ಲಿಸುತ್ತೇನೆ. ಖಾಸೀಂಬಿಯವರಿಗೆ ಧನ್ಯವಾದ ಹೇಳುವ ಯೋಗ್ಯತೆ ನನಗಿಲ್ಲ, ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅವರಿಗೆ ಇಲ್ಲಿಂದಲೇ, ತಲೆ ತಗ್ಗಿಸಿ, ನಮಸ್ಕಾರ.