ಒಂಬತ್ತಕ್ಕೆ ಇಟ್ಟಿದ್ದು ಮೂರಕ್ಕೆ

ಆ ಟೀವಿ ಒಂಚೂರು ಸಣ್ಣ ಮಾಡಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ಕೃಷ್ಣವೇಣಿ ನನ್ನ ದೊಡ್ಡಮ್ಮನ ಮಗಳು. ಆಕೆಗೇ ಆದದ್ದು.

ಎರಡು ಸಾವಿರದ ಮೂರನೇ ಇಸವಿ, ನವೆಂಬರು. ಈ ಪರದೇಶದ ನವೆಂಬರು ನಿಮಗೆ ಹೇಳಬೇಕಾಗಿಲ್ಲ, ನಾಲ್ಕೂವರೆಗೇ ಕತ್ತಲು. ದೆವ್ವಗಳು ನಡುರಾತ್ರಿ ತನಕ ಕಾಯಬೇಕಾದ ಊರಲ್ಲ ಇದು. ಕೃಷ್ಣವೇಣಿ ಸಟನ್ನಿನ ಆಸ್ಪತ್ರೆಯಲ್ಲಿ ಮಷೀನು ರಿಪೇರಿ ಮಾಡುವವಳು. ರೋಗಿಗೆ ಉಸಿರು ಕೊಡುವ ಪಂಪು, ರಕ್ತ ಸೋಸುವ ಯಂತ್ರ, ಅಂಥವು. ಅವತ್ತು ಕೆಲಸ ಮುಗಿಸಿ, ರೈಲು ಹಿಡಿದು, ಕ್ರೋಯ್ಡನ್ನಿಗಿಂತ ಒಂದು ಸ್ಟಾಪು ಮೊದಲೇ ವ್ಯಾಡನ್ನಿನಲ್ಲಿ ಇಳಿದಾಗ ಏಳು ದಾಟಿತ್ತು. ಅಲ್ಲಿಂದ ಮನೆಗೆ ಹದಿನೈದು ನಿಮಿಷ ನಡಿಗೆ. ದಾರಿಯಲ್ಲಿ ಒಂದು ಕೊಳ, ಕೊಳದ ಮೇಲೆ ತಲೆ ಇಳಿಬಿಟ್ಟ ಮರಗಳು. ಕೊಳ ದಾಟಿದರೆ ಕೌನ್ಸಿಲ್ ಫ್ಲ್ಯಾಟುಗಳ ಹಿಂದೆ ಸಾಲಾಗಿ ಹನ್ನೆರಡು ಗ್ಯಾರೇಜು. ಏಳನೆಯದು ಗಂಡಹೆಂಡಿರದು. ಜುಲೈ ಆದಮೇಲೆ ಆಕೆ ಅದರ ಶಟರು ಎತ್ತಿರಲಿಲ್ಲ.

ಅದರ ಮುಂದೆ ಹಾದು ಹೋಗುವಾಗ ಒಳಗಿಂದ ಸದ್ದು ಬಂತು.

ಟಿಕ್...

ನಿಂತಳು.

ಟಿಕ್... ಟಿಕ್...

ಇಲಿಯಲ್ಲ. ನೀರು ತೊಟ್ಟಿಕ್ಕುವುದೂ ಅಲ್ಲ. ಎಣ್ಣೆ ಹಚ್ಚಿದ ಲೋಹದ ಮೇಲೆ ಲೋಹ ಒಂದೊಂದೇ ಹಲ್ಲು ದಾಟುವ ಸದ್ದು. ಆ ಸದ್ದು ಆಕೆಗೆ ಸ್ವಂತ ಕೆಮ್ಮಿನಷ್ಟು ಪರಿಚಯ. ಆರು ವರ್ಷ ಆಕೆಯ ಬೆರಳುಗಳೇ ಅದನ್ನು ಹೊರಡಿಸಿದ್ದವು.

ಜುಲೈನಲ್ಲಿ ಏನಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ಆಕೆಯ ಗಂಡ ನಿತೀಶ. ಇಬ್ಬರೂ ವಿಜಯಪುರದವರು. ವಾರವೆಲ್ಲ ರೈಲ್ವೆಯಲ್ಲಿ ಸಿಗ್ನಲ್ ಕೆಲಸ, ವಾರದ ಕೊನೆಗೆ ಕೆಂಟ್ ಕಡೆಯ ಟ್ರ್ಯಾಕಿನಲ್ಲಿ ಮೋಟರ್ ಸೈಕಲ್ ರೇಸು. ಆರುನೂರು ಸಿಸಿಯ ಬೈಕು. ಓಡಿಸುವವನು ಅವನು, ಅದನ್ನು ರೇಸಿಗೆ ಹದ ಮಾಡುವವಳು ಈಕೆ. ಅದು ಸಣ್ಣ ಕೆಲಸ ಅಲ್ಲ. ಹಿಂದಿನ ಚಕ್ರಕ್ಕೂ ಸೀಟಿಗೂ ನಡುವೆ ಒಂದು ಸ್ಪ್ರಿಂಗು, ಸ್ಪ್ರಿಂಗಿನೊಳಗೆ ಎಣ್ಣೆ ತುಂಬಿದ ಕೊಳವೆ. ದಾರಿಯ ಉಬ್ಬು ತಗ್ಗಿಗೆ ಸ್ಪ್ರಿಂಗು ಕುಗ್ಗುತ್ತದೆ. ಕುಗ್ಗಿದ್ದು ಎಷ್ಟು ಬೇಗ ವಾಪಸ್ ಏಳಬೇಕು ಅನ್ನುವುದನ್ನು ಕೊಳವೆಯ ಬುಡದಲ್ಲಿರುವ ಒಂದು ಪುಟ್ಟ ತಿರುಪು ನಿರ್ಧರಿಸುತ್ತದೆ. ಅದನ್ನು ಪೂರಾ ಬಿಗಿದು, ಅಲ್ಲಿಂದ ಸಡಿಲ ಮಾಡುತ್ತ ಟಿಕ್ ಟಿಕ್ ಅಂತ ಎಣಿಸಬೇಕು. ಜಾಸ್ತಿ ಬಿಚ್ಚಿದರೆ ಬೈಕು ಕುದುರೆ ಹಾಗೆ ಎಗರುತ್ತದೆ. ಜಾಸ್ತಿ ಬಿಗಿದರೆ ಕುಗ್ಗಿದ ಚಕ್ರ ಏಳುವ ಮೊದಲೇ ಇನ್ನೊಂದು ಉಬ್ಬು ಬಂದು, ಅದರ ಮೇಲೆ ಮತ್ತೊಂದು ಬಂದು, ಚಕ್ರ ನೆಲ ಬಿಟ್ಟುಬಿಡುತ್ತದೆ.

ನಿತೀಶನ ತೂಕಕ್ಕೆ, ಆ ಟ್ರ್ಯಾಕಿಗೆ, ಆಕೆಯ ಲೆಕ್ಕ ಒಂಬತ್ತು.

ಮನೆಯ ಕಪಾಟಿನಲ್ಲಿ ರೇಸಿನಲ್ಲಿ ಗೆದ್ದ ಹನ್ನೊಂದು ಕಪ್ಪುಗಳಿದ್ದವು. ಒಂದೊಂದನ್ನು ತಂದಾಗಲೂ ಅವನು ಅವಳ ಕೈ ಹಿಡಿದು, "ಇದು ನಿನ್ನ ಕೈಯಿಂದ ಬಂದದ್ದು" ಅನ್ನುತ್ತಿದ್ದ.

ಜುಲೈನಲ್ಲಿ, ಉಬ್ಬುತಗ್ಗಿರುವ ತಿರುವೊಂದರಲ್ಲಿ ಹಿಂದಿನ ಚಕ್ರ ನೆಲ ಬಿಟ್ಟಿತು. ನಿತೀಶ ಅಲ್ಲೇ ಹೋದ.

ಕ್ಲಬ್ಬಿನವರು ಬೈಕು ಪರೀಕ್ಷೆ ಮಾಡಿ ಬರೆದರು: ತಿರುಪು ಮೂರಕ್ಕಿದೆ. ಒಂಬತ್ತಲ್ಲ. ಮೂರು.

ಅವಳು ಹಿಂದಿನ ರಾತ್ರಿ ಎರಡು ಪಾಳಿ ಕೆಲಸ ಮುಗಿಸಿ ಬಂದು ಸೆಟ್ ಮಾಡಿದ್ದಳು. ಕಣ್ಣು ಮುಚ್ಚಿ ಹೋಗುತ್ತಿತ್ತು, ನಿಜ. ಆದರೆ ಎಣಿಸಿದ್ದಳು. ಎಣಿಸಿದ್ದಳಾ? ನಾಲ್ಕು ತಿಂಗಳು ಅದೊಂದೇ ಪ್ರಶ್ನೆ. ಊರಿಂದ ಅತ್ತೆ ಪಾರ್ವತೆವ್ವ ಫೋನಿನಲ್ಲಿ ಅತ್ತು ಅತ್ತು ಕಡೆಗೆ ಒಂದೇ ಮಾತು ಅಂದಿದ್ದರು: "ನಿನ್ನ ಕೈಯಾಗ ಹ್ವಾದ ನನ್ನ ಮಗ." ಆಮೇಲೆ ಫೋನು ಬರಲಿಲ್ಲ.

ಜೊತೆಗೆ ನಿಂತವನು ಒಬ್ಬನೇ, ಉಮಾಶಂಕರ. ಬೆಂಗಳೂರಿನವನು, ಕ್ಯಾನರಿ ವಾರ್ಫಿನ ಯಾವುದೋ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ನಿತೀಶನ ಜೊತೆ ಪ್ರತಿ ರೇಸಿಗೂ ವ್ಯಾನಿನಲ್ಲಿ ಹೋಗುತ್ತಿದ್ದವನು. ಇವಳ ಕೈಯ ಜೋಳದ ರೊಟ್ಟಿ ತಿಂದವನು. ಪರೀಕ್ಷೆಯ ದಿನ ಪಕ್ಕದಲ್ಲಿ ನಿಂತು ಹೇಳಿದ್ದ: "ಅತ್ತಿಗೆ, ಮನುಷ್ಯರು ಅಂದ್ಮೇಲೆ ತಪ್ಪಾಗತ್ತೆ. ಯಾರೂ ನಿಮ್ಮನ್ನ ಬೈತಿಲ್ಲ."

ಈಗ ಗ್ಯಾರೇಜಿನ ವಿಷಯಕ್ಕೆ ಬರೋಣ.

ಬೀಗ ತೆರೆದಳು... ಕಟಕ್. ಶಟರು ಎತ್ತಿದಳು... ಘರ್ರ್... ದೀಪ ಹಾಕಿದಳು. ಟ್ಯೂಬ್‌ಲೈಟು ಮೂರು ಸಲ ಮಿಣುಕಿ ಹತ್ತಿತು. ಯಾರೂ ಇಲ್ಲ. ಮೂತಿ ನುಜ್ಜಾದ ಬೈಕು ಹಿಂದಿನ ಸ್ಟ್ಯಾಂಡಿನ ಮೇಲೆ ಹಾಗೇ ನಿಂತಿತ್ತು. ಮೊಣಕಾಲೂರಿ ಕೂತು ತಿರುಪು ಎಣಿಸಿದಳು. ಮೂರು. ಏನೂ ಯೋಚಿಸದೆ ಅದನ್ನು ಒಂಬತ್ತಕ್ಕೆ ತಂದಿಟ್ಟಳು. ಜೋರಾಗಿ ಎಣಿಸಿ ಇಟ್ಟಳು, ಕನ್ನಡದಲ್ಲಿ, ಒಂದು, ಎರಡು, ಮೂರು ಅಂತ. ಬೀಗ ಹಾಕಿ ಮನೆಗೆ ಹೋದಳು.

ಮರುದಿನ ಸಂಜೆ ಮತ್ತೆ ತೆರೆದು ನೋಡಿದಳು. ಮೂರು.

ಬೀಗ ಹಾಕಿದ್ದು ಹಾಕಿದಂತೇ ಇತ್ತು. ಕೀಲಿ ಒಂದೇ, ಅವಳ ಕೈಚೀಲದಲ್ಲಿ. ಮತ್ತೆ ಒಂಬತ್ತಕ್ಕೆ ಇಟ್ಟಳು.

ಮೂರನೆಯ ದಿನ ಮನೆಗೆ ಹೋಗಲಿಲ್ಲ. ಶಟರನ್ನು ಒಳಗಿಂದ ಅರ್ಧ ಎಳೆದುಕೊಂಡು, ಮೂಲೆಯ ಪೆಟ್ಟಿಗೆಯ ಮೇಲೆ ಕೂತಳು. ಕೈಯಲ್ಲಿ ಅಳತೆ ಟೇಪು. ದೀಪ ಆರಿಸಲಿಲ್ಲ. ಅವಳು ಹೆದರುವ ಹೆಣ್ಣಲ್ಲ, ನಾವು ಸಣ್ಣವರಿದ್ದಾಗ ಬಾವಿಗೆ ಇಳಿದು ಕೊಡ ತೆಗೆದವಳು. ಆದರೂ ಅವತ್ತು ಆರಿಸಲು ಮನಸ್ಸು ಬರಲಿಲ್ಲ ಅಂದಳು. ದೂರದಲ್ಲಿ ರೈಲು ಹೋಯಿತು. ಕೊಳದ ಬಾತುಕೋಳಿಯೊಂದು ಕೂಗಿ ಸುಮ್ಮನಾಯಿತು. ಆಮೇಲೆ...

ಕ್ರೀಂಯ್...

ಸ್ಪ್ರಿಂಗಿನ ಸದ್ದು. ಸೀಟು ಮೆಲ್ಲಗೆ ಕೆಳಗಿಳಿಯಿತು. ಯಾರೋ ಕಾಲು ಎತ್ತಿ ದಾಟಿಸಿ, ಹುಷಾರಾಗಿ ಕೂತ ಹಾಗೆ.

ಅವಳು ಎದ್ದಳು. ನೀವಾಗಿದ್ದರೆ ಓಡುತ್ತಿದ್ದಿರಿ, ನಾನಂತೂ ಖಂಡಿತ ಓಡುತ್ತಿದ್ದೆ. ಅವಳು ಹತ್ತಿರ ಹೋಗಿ ಟೇಪು ಹಿಡಿದಳು. ಚಕ್ರದ ಅಚ್ಚಿನಿಂದ ಸೀಟಿನ ಬಾಲದ ತನಕ. ಖಾಲಿ ಇದ್ದಾಗಿನ ಅಳತೆ ಅವಳಿಗೆ ಬಾಯಿಪಾಠ. ಈಗ ಅದಕ್ಕಿಂತ ಮೂವತ್ತೈದು ಮಿಲಿಮೀಟರು ಕಮ್ಮಿ. ಚರ್ಮದ ಸೂಟು, ಬೂಟು, ಹೆಲ್ಮೆಟ್ಟು ಹಾಕಿಕೊಂಡು ನಿತೀಶ ಕೂತರೆ ಇಳಿಯುವುದು ಅಷ್ಟೇ. ಒಂದು ಮಿಲಿಮೀಟರೂ ಆಚೀಚೆ ಇಲ್ಲ.

"ನೀನ ಏನು?" ಅಂದಳು.

ಸೀಟು ಇಳಿದದ್ದು ಇಳಿದಂತೇ ಇತ್ತು.

ಆಮೇಲೆ, ಅವಳ ಮೊಣಕಾಲಿನ ಹತ್ತಿರ, ಕೆಳಗೆ...

ಟಿಕ್... ಟಿಕ್... ಟಿಕ್... ಟಿಕ್...

ತಿರುಪು ತಾನಾಗೇ ತಿರುಗುತ್ತಿತ್ತು. ಅವಳ ಕಣ್ಣೆದುರಿಗೆ. ಬಿಗಿಯಾಗುವ ದಿಕ್ಕಿಗೆ. ಆಗ ಅವಳ ತಲೆಯಲ್ಲಿ ಒಂದು ವಿಷಯ ಹೊಳೆಯಿತು. ತಿರುಪು ಇರುವುದು ಕೊಳವೆಯ ಬುಡದಲ್ಲಿ. ಮೇಲೆ ಕೂತವನ ಕೈಗೆ ಅದು ಎಟುಕುವುದೇ ಇಲ್ಲ. ಎಷ್ಟು ಬಾಗಿದರೂ ಇಲ್ಲ. ಕೂತವನು ಒಬ್ಬ. ತಿರುಗಿಸುವವನು ಇನ್ನೊಬ್ಬ.

ಸೀಟಿನ ಮೇಲಿಂದ ಧ್ವನಿ ಬಂತು. ಹೆಲ್ಮೆಟ್ಟಿನ ಒಳಗಿಂದ ಬಂದ ಹಾಗೆ, ಮುಚ್ಚಿದ ಧ್ವನಿ. ನಿತೀಶನದೇ.

"ಇನ್ನೊಂದೆರಡು ಹಾಕೋ..."

ಟಿಕ್... ಟಿಕ್...

"ಸಾಕು... ಆಕಿಗಿ ಹೇಳಬ್ಯಾಡ."

ಸೀಟು ಏಳತೊಡಗಿತು. ಮೂರಕ್ಕೆ ಇಟ್ಟ ಬೈಕು ಏಳುವ ಹಾಗೆ, ಎಣ್ಣೆ ಸುಸ್ ಅನ್ನುತ್ತ, ಬಹಳ ನಿಧಾನವಾಗಿ.

ಕೃಷ್ಣವೇಣಿ ಎಣಿಸಿ ನೋಡಲಿಲ್ಲ. ಎಣಿಸಬೇಕಾಗಿರಲಿಲ್ಲ. "ಹಾಕೋ" ಅಂದಿದ್ದ. ಗಂಡಸಿಗೆ ಅಂದದ್ದು. ಗೆಳೆಯನಿಗೆ ಅಂದದ್ದು. ಆ ವ್ಯಾನಿನಲ್ಲಿ ಹೋಗುತ್ತಿದ್ದವರು ಇಬ್ಬರೇ.

ಮರುದಿನ ರಜೆ ಹಾಕಿ ಕ್ಯಾನರಿ ವಾರ್ಫಿಗೆ ಹೋದಳು. ಮಧ್ಯಾಹ್ನ, ಎತ್ತರದ ಗಾಜಿನ ಕಟ್ಟಡಗಳ ಕೆಳಗೆ ನೀರಿನ ಪಕ್ಕದ ಬೆಂಚು. ಸ್ಯಾಂಡ್‌ವಿಚ್ ಹಿಡಿದು ಬಂದ ಉಮಾಶಂಕರ ಅವಳ ಮುಖ ನೋಡಿ ನಗು ನಿಲ್ಲಿಸಿದ.

"ಟ್ರ್ಯಾಕಿನ್ಯಾಗ ತಿರುಪು ತಿರುಗಿಸಿದಾಂವ ನೀನ ಹೌದಲ್ಲೋ?"

"ಅತ್ತಿಗೆ... ಯಾರು ಹೇಳಿದ್ರು?"

"ಅದನ್ನ ಕೇಳಬ್ಯಾಡ. ಹೌದೋ ಅಲ್ಲೋ?"

ಅವನು ಕೈಯಲ್ಲಿದ್ದುದನ್ನು ಬೆಂಚಿನ ಮೇಲಿಟ್ಟ. "ನಿತೀಶನೇ ಹೇಳ್ತಿದ್ದ. ಹೆಂಡ್ತಿ ಸೆಟ್ ಮಾಡಿದ ಗಾಡಿ ಅಂತ ಗೊತ್ತಾದ್ರೆ ಅಲ್ಲಿರೋರು ನಗ್ತಾರೆ ಅಂತ. ಅದಕ್ಕೇ ನನ್ನ ಹೆಸ್ರು ಹೇಳ್ತಿದ್ದ. ಅವರೆಲ್ಲ ನೋಡ್ತಿದ್ರಲ್ಲ, ಅದಕ್ಕೆ ನಾನು ಏನಾದ್ರೂ ತಿರುಗಿಸ್ಬೇಕಿತ್ತು."

"ಎಷ್ಟು ಸಲ?"

"ಪ್ರತಿ ಸಲ."

ಆರು ವರ್ಷ. ಹನ್ನೊಂದು ಕಪ್ಪು.

"ಅಂದ್ರ ನಾ ಇಟ್ಟದ್ದು ಒಂದು ಸಲಾನೂ ಓಡಿಲ್ಲ?"

"ಒಂದ್ಸಲ ಓಡ್ತು." ಅವನ ಧ್ವನಿ ಇಳಿಯಿತು. "ಎರಡು ವರ್ಷದ ಹಿಂದೆ. ನಂಗೆ ಜ್ವರ, ಬರೋಕಾಗ್ಲಿಲ್ಲ. ನಿಮ್ಮ ಒಂಬತ್ತರಲ್ಲೇ ಓಡಿಸ್ದ. ಟ್ರ್ಯಾಕಿನ ಒಂದೊಂದು ಸುತ್ತಿಗೂ ಒಂದು ಸೆಕೆಂಡು ಬೇಗ ಬಂದ ಅತ್ತಿಗೆ. ಅಷ್ಟು ಜೋರು ಮುಂಚೆ ಯಾವತ್ತೂ ಬಂದಿರ್ಲಿಲ್ಲ, ಆಮೇಲೂ ಬರ್ಲಿಲ್ಲ."

"ನನಗ ಹೇಳಲಿಲ್ಲ."

"ಯಾರಿಗೂ ಹೇಳ್ಬೇಡ ಅಂದ."

"ಅಂವ ಸತ್ತ ಮ್ಯಾಲೆ? ಅವರು ಮೂರು ಅಂತ ಬರಿಯೋ ಮುಂದ, ನಾ ನನ್ನ ತಪ್ಪು ಅಂದ್ಕೊಳ್ಳೋ ಮುಂದ, ನನ್ನ ಪಕ್ಕದಾಗ ನಿಂತಿದ್ದಿ ನೀ. ಆವಾಗ ಯಾರು ಹೇಳಬ್ಯಾಡ ಅಂದಿದ್ರು?"

ಉಮಾಶಂಕರ ಎದ್ದು ಹೊರಡಲು ನೋಡಿದ.

"ಇವತ್ತ ಸಂಜೀಕ ನನ್ನ ಜೋಡಿ ಬಾ" ಅಂದಳು. "ಬರಲಿಲ್ಲಂದ್ರ ನಾಳೆ ನಿನ್ನ ಆಫೀಸಿನೊಳಗ ಬಂದು ಕೇಳತೀನಿ."

ಬಂದ. ಕೊಳದ ಪಕ್ಕದ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಶಟರು ಎತ್ತಿ ಒಳಗೆ ಹೋಗಿ ಗೋಡೆಗೆ ಒರಗಿ ನಿಂತರು. ಅರ್ಧ ಗಂಟೆ ಏನೂ ಇಲ್ಲ. ಅವನು ಗಡಿಯಾರ ನೋಡಿಕೊಂಡ. "ಅತ್ತಿಗೆ, ನೀವು ಸುಸ್ತಾಗಿದೀರ, ಸ್ವಲ್ಪ ಜಿಪಿ ಡಾಕ್ಟರ್ ಹತ್ರ..."

ಕ್ರೀಂಯ್...

ಸೀಟು ಇಳಿಯಿತು. ಉಮಾಶಂಕರನ ಗಂಟಲಿನಿಂದ ಎಂಥದೋ ಸದ್ದು ಹೊರಟಿತು, ನಾಯಿಮರಿ ತುಳಿಸಿಕೊಂಡ ಹಾಗೆ. ಶಟರಿನ ಕಡೆ ತಿರುಗಿದ. ಅವಳು ಅವನ ತೋಳು ಹಿಡಿದಳು.

"ಕುಂದ್ರು. ಒಂಬತ್ತಕ್ಕ ತಂದಿಡು. ನಿನ್ನ ಕೈಯಿಂದನ."

ಅವನು ಬೈಕಿನ ಪಕ್ಕ ಕೂತ. ಟಿಕ್... ಟಿಕ್... ಅವಳು ಎಣಿಸಿದಳು. ನಾಲ್ಕು. ಐದು. ಆರು... ಏಳು... ಎಂಟು... ಒಂಬತ್ತು.

ಮೇಲಿಂದ, ಮುಚ್ಚಿದ ಧ್ವನಿ.

"ಉಮಾ... ಆಕಿಗಿ ಹೇಳಿದೇನು?"

ಉಮಾಶಂಕರ ತಲೆ ಎತ್ತಲಿಲ್ಲ. "ಹೇಳ್ದೆ ಕಣೋ" ಅಂದ. ಅಳುತ್ತಿದ್ದ.

ಆಗ ಕೃಷ್ಣವೇಣಿ ಸೀಟಿನ ಎದುರು ಬಂದು ನಿಂತಳು. ಮುಖ ಇರಬೇಕಾದಷ್ಟು ಎತ್ತರಕ್ಕೆ ನೋಡುತ್ತ ಅಂದಳು: "ಆ ಒಂದು ಸೆಕೆಂಡು ನಂದು. ನನಗ ಹೇಳಬೇಕಾಗಿತ್ತು ನೀ."

ಕಾದಳು. ಗ್ಯಾರೇಜಿನಲ್ಲಿ ಟ್ಯೂಬ್‌ಲೈಟಿನ ಗುಂಯ್ ಒಂದೇ. ಎಷ್ಟು ಹೊತ್ತು ಕಾದಳೋ ಅವಳಿಗೇ ಗೊತ್ತಿಲ್ಲ. ಗೆಳೆಯನ ಜೊತೆ ಮಾತಾಡಿದವನು ಹೆಂಡತಿಗೆ ಒಂದಕ್ಷರ ಅನ್ನಲಿಲ್ಲ. ಸೀಟು ಸರ್ರನೆ ಮೇಲೆದ್ದಿತು, ಒಂಬತ್ತಕ್ಕೆ ಇಟ್ಟ ಬೈಕು ಏಳುವ ಹಾಗೆ. ಅಷ್ಟೇ. ಹೋದ.

ಅವತ್ತಿನಿಂದ ಆ ಸದ್ದು ಬರಲಿಲ್ಲ. ಉಮಾಶಂಕರ ಕ್ಲಬ್ಬಿಗೆ ಕಾಗದ ಬರೆಯುತ್ತೇನೆ ಅಂದಿದ್ದ, ಬರೆಯಲಿಲ್ಲ. ಅವಳೇ ಬರೆದಳು. ಎರಡು ಸಾಲಿನ ಉತ್ತರ ಬಂತು, ಕಡತದಲ್ಲಿ ಸೇರಿಸಿದ್ದೇವೆ ಅಂತ. ಪಾರ್ವತೆವ್ವಗೆ ಫೋನು ಮಾಡಿ ಹೇಳಿದಾಗ, "ತಪ್ಪು ಸತ್ತವನ ಮ್ಯಾಲೆ ಹಾಕತಿಯೇನು?" ಅಂತ ಕೇಳಿ ಇಟ್ಟುಬಿಟ್ಟರು. ಹನ್ನೊಂದು ಕಪ್ಪುಗಳನ್ನು ಡಬ್ಬದಲ್ಲಿ ತುಂಬಿ ಉಮಾಶಂಕರನ ಮನೆ ಬಾಗಿಲಲ್ಲಿ ಇಟ್ಟು ಬಂದಳು. ಮುಂದಿನ ವರ್ಷದಿಂದ ಬೇರೆಯವರ ಬೈಕು ಸೆಟ್ ಮಾಡತೊಡಗಿದಳು, ಕಾಗದದ ಮೇಲೆ ತನ್ನ ಹೆಸರು ಬರೆಸಿಕೊಂಡು. ಈಗಲೂ ಮಾಡುತ್ತಾಳೆ, ಹೋಗಿ ನೋಡಿ ಬೇಕಿದ್ದರೆ.

ಅವಳು ಹೇಳಿದ್ದು ಇಷ್ಟೇ. ಆದರೆ ನಾನು ಒಮ್ಮೆ ಯಾರದೋ ನಾಮಕರಣದಲ್ಲಿ ಉಮಾಶಂಕರನನ್ನೂ ಹಿಡಿದು ಕೇಳಿದೆ. ಅವಳಿಗೆ ದುಃಖದಲ್ಲಿ ಹಾಗೆ ಅನ್ನಿಸಿರಬಹುದಲ್ಲ, ಅಂತ. ಅವನು ನನ್ನನ್ನು ಪಕ್ಕಕ್ಕೆ ಕರೆದ. ಆಮೇಲೆ ಹೇಳಿದ, ಅವತ್ತು ಏಳುವಾಗ ಆಸರೆಗೆ ಹಿಂದಿನ ಟೈರು ಹಿಡಿದುಕೊಂಡನಂತೆ. ಹೊರಗೆ ಹಿಮ ಬೀಳುವಷ್ಟು ಚಳಿ. ಬೈಕು ನಾಲ್ಕು ತಿಂಗಳಿಂದ ಸ್ಟ್ಯಾಂಡಿನ ಮೇಲೆ.

ಈಗಷ್ಟೇ ಟ್ರ್ಯಾಕಿನಿಂದ ಇಳಿದ ಹಾಗೆ ಟೈರು ಬಿಸಿ ಇತ್ತು ಅಂದ. ಕೈ ಇಡಲಾಗದಷ್ಟು.