ಗಂಗಕ್ಕನ ಸ್ಕ್ರೀನಿಗೆ ಬಂದ ವಿಂಡೋ

ವೇದಿಕೆಯ ನಡುವೆ ಕುಳಿತಿರುವ ಮೀನುಗಾರರ ಸಹಕಾರಿ ಸಂಘದ ಅಧ್ಯಕ್ಷರೇ, ಅಂದರೆ ಕೃಷ್ಣಾನಂದ ಮಾವನವರೇ... ಕ್ಷಮಿಸಿ, ಮದುವೆಯಾಗಿ ಇನ್ನೂ ಏಳು ವಾರ, ಎಲ್ಲಿ ಮಾವ ಎನ್ನಬೇಕು, ಎಲ್ಲಿ ಅಧ್ಯಕ್ಷರೇ ಎನ್ನಬೇಕು ಎಂದು ನನಗಿನ್ನೂ ತಿಳಿದಿಲ್ಲ. ಕುಮಟೆಯಿಂದ ಬಂದಿರುವ ಅತಿಥಿಗಳೇ, ನಿರ್ದೇಶಕರೇ, ಮುಂದಿನ ಸಾಲಿನಿಂದ ಸೆರಗು ಸರಿಮಾಡಿಕೋ ಎಂದು ಸನ್ನೆ ಮಾಡುತ್ತಿರುವ ಅತ್ತೆಯವರೇ, ತದಡಿಯ ಬೋಟಿನವರೇ, ಸಭಿಕರೇ, ಎಲ್ಲರಿಗೂ ನನ್ನ ತುಂಬು ಹೃದಯದ, ತುಂಬಾ ತುಂಬು ಹೃದಯದ ವಂದನೆಗಳು.

ನಾನು ಭಟ್ಕಳದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಕನ್ನಡದಲ್ಲಿ ಭಾಷಣ ಮಾಡುತ್ತಿರುವುದು ಇದೇ ಮೊದಲು. ತಪ್ಪಿದರೆ ನಗಿ, ಆದರೆ ಒಟ್ಟಿಗೇ ನಗಿ. ಬಿಡಿಬಿಡಿಯಾಗಿ ನಕ್ಕರೆ ಗಾಬರಿಯಾಗುತ್ತದೆ.

ಸಂಘಕ್ಕೆ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಕ್ಕೆ ನನಗೆ ಈ ಶಾಲು, ಈ ಹಾರ. ಬಹಳ ಸಂತೋಷ. ಆದರೆ ಹಾಕಿದ್ದು ನಾನೇ? ಅದೇ ನನಗೆ ಗೊಂದಲ. ದಯವಿಟ್ಟು ನನ್ನ ಜೊತೆ ನೀವೂ ಸ್ವಲ್ಪ ಯೋಚಿಸಿ.

ನಮ್ಮ ಸರ್ವರ್ ಇರುವುದು ಕುಮಟೆಯ ಕಚೇರಿಯ ಕಪಾಟಿನಲ್ಲಿ. ಅದು ಯುನಿಕ್ಸ್ ಯಂತ್ರ. ಅದಕ್ಕೆ ಸ್ಕ್ರೀನೂ ಇಲ್ಲ, ಮೌಸೂ ಇಲ್ಲ. ಹೊಸ ಸಾಫ್ಟ್‌ವೇರೋ, ವಿಂಡೋ ತೆರೆದು ‘ಇದು ಬೇಕೋ, ಅದು ಬೇಕೋ’ ಎಂದು ಕೇಳುತ್ತ ಕೇಳುತ್ತ ಹಾಕಿಸಿಕೊಳ್ಳುವಂಥದ್ದು. ಕಣ್ಣಿಲ್ಲದ ಯಂತ್ರದಲ್ಲಿ ವಿಂಡೋ ಎಲ್ಲಿ ತೆರೆಯಬೇಕು? ಅದಕ್ಕೊಂದು ಉಪಾಯವಿದೆ. ಕೆಲಸ ಕುಮಟೆಯಲ್ಲಿ ನಡೆಯುತ್ತದೆ, ವಿಂಡೋ ಮಾತ್ರ ತದಡಿಯ ನಮ್ಮ ಮೇಜಿಗೆ ಬರುತ್ತದೆ. ಯಾರ ಮೇಜಿಗೆ? ನಾವು ಯಾವ ಕಂಪ್ಯೂಟರಿನ ಹೆಸರು ಬರೆಯುತ್ತೇವೋ ಅದು ಇರುವ ಮೇಜಿಗೆ. ಬಂದ ವಿಂಡೋವನ್ನು ತೋರಿಸುವ ಪ್ರೋಗ್ರಾಮನ್ನು ಕಚೇರಿಯ ಎಲ್ಲ ಕಂಪ್ಯೂಟರುಗಳಿಗೂ ನಾನೇ ಹಾಕಿದ್ದೆ. ಯಾರು ಕಳಿಸಿದರೂ ತೋರಿಸು ಎಂದು ಅನುಮತಿಯನ್ನೂ ಕೊಟ್ಟಿದ್ದೆ. ಉತ್ಸಾಹ, ಸಭಿಕರೇ, ಬರೀ ಉತ್ಸಾಹ!

ಆ ದಿನ ಬೆಳಿಗ್ಗೆ ಹತ್ತಕ್ಕೆ ಹೆಸರು ಬರೆದೆ, ಆಜ್ಞೆ ಕೊಟ್ಟೆ, ಕಾದೆ. ನನ್ನ ಸ್ಕ್ರೀನಿಗೆ ಏನೂ ಬರಲಿಲ್ಲ. ಕುಮಟೆಯ ಕಚೇರಿಯ ನಾಗನಿಗೆ ಫೋನ್ ಮಾಡಿ ಸರ್ವರ್ ನಡೆಯುತ್ತಿದೆಯೇ ಎಂದು ಕೇಳಿದೆ. “ಲೈಟ್ ಮಿಣಮಿಣ ಅಂತದೆ ಮೇಡಂ. ಎಂತ, ಕಪಾಟಿನ ಬಾಗಿಲು ತೆಗೆದಿಡೂದಾ? ಅದ್ಕೂ ಗಾಳಿ ಬೇಕಲ್ಲ” ಎಂದ. ಬೇಡ ಎಂದೆ. ಮತ್ತೆ ಕಾದೆ. ಕಾಯುವಾಗ ಸುಮ್ಮನೆ ಕೂರಲಾಗದೆ ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅರ್ಧ ಗಂಟೆ. ಏನು ಮಾತಾಡಿದೆವು ಎಂದು ಕೇಳಬೇಡಿ. ಬಂಗಡೆಯ ಬಗ್ಗೆ ಮಾತಾಡಿದೆವು ಎಂದೇ ಇಟ್ಟುಕೊಳ್ಳಿ.

ಅಷ್ಟರಲ್ಲಿ ಗಂಗಕ್ಕ ನನ್ನ ಬಾಗಿಲಿಗೆ ಬಂದರು. ಗಂಗಕ್ಕ ಯಾರೆಂದು ಕುಮಟೆಯ ಅತಿಥಿಗಳಿಗೆ ಹೇಳಬೇಕು. ಹದಿನೆಂಟು ವರ್ಷದಿಂದ ನಮ್ಮ ಬೋಟುಗಳಿಗೆ ಐಸಿನ ಚೀಟಿ ಕೊಡುತ್ತಿದ್ದವರು. “ವಿನುತಾ, ನನ್ನ ಸ್ಕ್ರೀನಿನಾಗೆ ಎಂತದೋ ಬಂದು ಕೂತದೆ, ನೋಡೂಕೆ ಬಾ” ಎಂದರು. ನಾನು ಫೋನ್ ಕಿವಿಯಿಂದ ತೆಗೆಯದೆ, ಐದು ನಿಮಿಷ ಎಂದು ಬೆರಳು ತೋರಿಸಿದೆ. ಎರಡನೇ ಸಲ ಬಂದರು. ಮತ್ತೆ ಐದು ಬೆರಳು. ಹೊರಗೆ ಬೋಟಿನವರ ಸಾಲು. ದಾಸಣ್ಣ, ನೀವು ಇಲ್ಲೇ ಇದ್ದೀರಿ, ಕೂಗಿದ್ದು ನೀವೇ ಅಲ್ಲವೇ? “ಗಂಗಕ್ಕ, ಐಸ್ ಕೊಡ್ತ್ಯೋ, ಇಲ್ಲಾ ಹಿಮಾಲಯಕ್ಕೇ ಬೋಟ್ ಬಿಡೂದೋ?”

ಗಂಗಕ್ಕ ಮೂರನೇ ಸಲ ನನ್ನ ಬಳಿ ಬರಲಿಲ್ಲ. ಕನ್ನಡಕ ಏರಿಸಿ, ಒಂದೊಂದೇ ಇಂಗ್ಲಿಷ್ ಪದ ಕೂಡಿಸಿ ಓದಿದರು. ಹಳೆಯ ಸದಸ್ಯರ ಪಟ್ಟಿ ಉಳಿಸಬೇಕೇ, ಅಳಿಸಿ ಹೊಸದು ಮಾಡಬೇಕೇ ಎಂದು ವಿಂಡೋ ಕೇಳುತ್ತಿತ್ತು. ಗುರುತು ಇದ್ದದ್ದು ‘ಅಳಿಸಿ’ ಎಂಬುದರ ಮೇಲೆ. ಅವರು ಅದನ್ನು ತೆಗೆದು ‘ಉಳಿಸಿ’ ಎಂಬಲ್ಲಿಟ್ಟು ಒತ್ತಿದರು. ನಾನಾಗಿದ್ದರೆ? ನಿಜ ಹೇಳುತ್ತೇನೆ, ನಾನು ಓದುವವಳೇ ಅಲ್ಲ. ಮುಂದೆ, ಮುಂದೆ, ಮುಂದೆ ಎಂದು ಒತ್ತಿಕೊಂಡು ಹೋಗುವವಳು. ನಿಮ್ಮೆಲ್ಲರ ಹೆಸರು, ಬೋಟು, ತಂದೆಯ ಕಾಲದ ಸದಸ್ಯತ್ವ, ಎಲ್ಲವೂ ಒಂದೇ ಏಟಿಗೆ ಹೋಗುತ್ತಿತ್ತು.

ಮರುದಿನ ಹೊಸ ಸಾಫ್ಟ್‌ವೇರ್ ಚೆನ್ನಾಗಿ ನಡೆಯಿತು. ಎಲ್ಲರೂ ನನ್ನನ್ನು ಹೊಗಳಿದರು. ಒತ್ತಿದ್ದು ತಾನು ಎಂದು ಗಂಗಕ್ಕ ತಾವಾಗಿಯೇ ಹೇಳಿದರು. ಹೇಳಿದ್ದೇ ತಪ್ಪಾಯಿತು. ಅನುಮತಿಯಿಲ್ಲದೆ ಸರ್ವರ್ ಯಂತ್ರಕ್ಕೆ ಕೈ ಹಾಕಿದ್ದಾರೆ ಎಂದು ನಿರ್ದೇಶಕರು ವಿಚಾರಣೆಗೆ ಕರೆದರು. ನನ್ನನ್ನೂ ಕರೆದರು. ಮಾವನವರು ಕೇಳಿದರು: “ವಿಂಡೋ ಅವಳ ಮೇಜಿಗೆ ಹೆಂಗೆ ಹೋತು? ನೀನು ಬರೆದ ಹೆಸರು ಯಾವ್ದು ಮಗಾ?”

ನಾನು ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ಗಂಡನ ಹೆಸರು ಹಿರಿಯರೆದುರು ಹೇಳಬಾರದು ಎಂದು ಮದುವೆಯಾದ ವಾರವೇ ಅತ್ತೆ ಹೇಳಿಕೊಟ್ಟಿದ್ದರು. ಅತ್ತೆ ಮೂವತ್ತು ವರ್ಷದಿಂದ ಮಾವನನ್ನು ‘ಇವ್ರು’ ಎಂದೇ ಕರೆಯುತ್ತಾರೆ. ನನ್ನ ಭಟ್ಕಳದ ಗೆಳತಿಯರು ನಕ್ಕರು. ನನಗೋ ಅದು ಎಷ್ಟು ಇಷ್ಟವಾಯಿತೆಂದರೆ, ಒಂದು ವರ್ಷ ಆ ಹೆಸರನ್ನು ಬಾಯಲ್ಲಿ ಹೇಳುವುದೇ ಇಲ್ಲ ಎಂದು ಪಂಥ ಕಟ್ಟಿದೆ. ಬಾಯಲ್ಲಿ ಹೇಳದ್ದು ಬೆರಳಿಗೆ ಬಂತು, ಸಭಿಕರೇ! ನನ್ನ ಕಂಪ್ಯೂಟರಿನ ಹೆಸರು ಬರೆಯುವಲ್ಲಿ ಅವರ ಹೆಸರು ಬರೆದುಬಿಟ್ಟೆ. ಅವರು ಹರಾಜುಕಟ್ಟೆಯ ಕೆಲಸಕ್ಕೆ ಹೋಗುವ ಮೊದಲು ಕೂರುತ್ತಿದ್ದ ಕಂಪ್ಯೂಟರಿಗೆ ಈಗಲೂ ಅದೇ ಹೆಸರು. ಅವರು ಹೋದ ಮೇಲೆ ಅಲ್ಲಿ ಕೂರುತ್ತಿದ್ದವರು ಗಂಗಕ್ಕ.

ನಾನು ಸುಮ್ಮನಿದ್ದುದನ್ನು ನೋಡಿ ನಿರ್ದೇಶಕರು ಏನೆಂದುಕೊಂಡರು ಗೊತ್ತೇ? ಗಂಗಕ್ಕನನ್ನು ಉಳಿಸಲು ನಾನು ಬಾಯಿ ಮುಚ್ಚಿದ್ದೇನೆ ಎಂದುಕೊಂಡರು. “ಹುಡುಗಿದು ದೊಡ್ಡ ಮನಸ್ಸು” ಎಂದರು. ಗಂಗಕ್ಕನಿಗೆ ಒಂದನೇ ತಾರೀಕಿನಿಂದ ಕೆಲಸಕ್ಕೆ ಬರಬೇಡಿ ಎಂಬ ಪತ್ರ ಹೋಯಿತು. ನನಗೆ ಶಾಲು ಬಂತು.

ಇವತ್ತು ಬೆಳಿಗ್ಗೆ ಅವರನ್ನು ಬೋಟು ಕಟ್ಟುವ ದಕ್ಕೆಯಲ್ಲಿ ನೋಡಿದೆ. ಕೂಲಿಗೆ ಮೀನು ಆರಿಸುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. “ಹೊಸ ಪಟ್ಟಿಯಾಗೆ ದುರ್ಗನ ಎರಡ್ನೇ ಬೋಟ್ ಬಂತನೇ? ಅದು ಹಳೇದ್ರಾಗೆ ಕಡೇಲಿ ಬರ್ದಿತ್ತು, ತಪ್ಪೂಕಾಗ” ಎಂದು ಕೇಳಿದರು. ಅಷ್ಟೇ. ನಾನು ಆ ಪಟ್ಟಿಯನ್ನು ತೆರೆದೇ ನೋಡಿರಲಿಲ್ಲ.

ಆದ್ದರಿಂದ ಅತ್ತೆ, ಕ್ಷಮಿಸಿ. ನಾನು ಬರೆದ ಹೆಸರು ನಿತ್ಯಾನಂದ. ನಿತ್ಯಾನಂದ! ಹಿಂದಿನ ಸಾಲಿನಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದಾರಲ್ಲ, ಅವರೇ. ತಪ್ಪು ನನ್ನದು, ಕೆಲಸ ಗಂಗಕ್ಕನದು. ಇದನ್ನು ನಿರ್ದೇಶಕರು ಬರೆದುಕೊಳ್ಳಬಹುದು. ಬೇಕಿದ್ದರೆ ನಾನೇ ಬರೆದು ರುಜು ಹಾಕಿಕೊಡುತ್ತೇನೆ.

ನನ್ನ ನಂತರ ಅಧ್ಯಕ್ಷರ ಮಾತು ಎಂದು ಆಮಂತ್ರಣದಲ್ಲಿದೆ. ಸಭಿಕರೇ, ದಯವಿಟ್ಟು ಯಾರೂ ಊಟಕ್ಕೆ ಏಳಬೇಡಿ. ಗಂಗಕ್ಕನ ಪತ್ರದ ಬಗ್ಗೆ ಅವರು ಏನು ಹೇಳುತ್ತಾರೋ ಕೇಳಿಕೊಂಡೇ ಹೋಗೋಣ. ಮನೆಯಲ್ಲಿ ನಾನು ಮಾವನೆದುರು ಕುರ್ಚಿಯಲ್ಲೂ ಕೂರುವುದಿಲ್ಲ. ಇಲ್ಲೂ ಕೂರುವುದಿಲ್ಲ, ಅವರು ಹೇಳಿ ಮುಗಿಸುವವರೆಗೆ ಇಲ್ಲೇ ಮೈಕಿನ ಪಕ್ಕ ನಿಂತಿರುತ್ತೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ. ಅಧ್ಯಕ್ಷರೇ, ಮೈಕು ನಿಮ್ಮದು. ನಮಸ್ಕಾರ.